ಓಂಕಾರಪ್ಪನ ಸೆಟ್ಟಿನ ಚೀಂವ್

ಭದ್ರಾವತಿಯ ಓಂಕಾರಪ್ಪನ ಟ್ರಾನ್ಸ್‌ಮಿಟರಿಗೆ ಒಂದು ಐಬಿತ್ತು. ಮೋರ್ಸ್ ಕೀ ಒತ್ತಿದ ಕೂಡಲೇ ಒಳಗಿನ ವೋಲ್ಟೇಜ್ ಕುಸಿದು ಸ್ವರ ಜಾರುತ್ತಿತ್ತು. ‘ಪೀ’ ಎಂದು ನೆಟ್ಟಗೆ ಹೋಗಬೇಕಾದದ್ದು ‘ಚೀಂವ್’ ಎಂದು ಹೋಗುತ್ತಿತ್ತು. ಕಾರ್ಖಾನೆಯಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದಾಗ ಗುಜರಿಯಿಂದ ವಾಲ್ವು ಹೆಕ್ಕಿ, ಟ್ರಾನ್ಸ್‌ಫಾರ್ಮರ್ ತಾನೇ ಸುತ್ತಿ, ಮಾಚೇನಹಳ್ಳಿಯ ವರ್ಕ್‌ಶಾಪಿನಲ್ಲಿ ತಗಡು ಬಗ್ಗಿಸಿಕೊಂಡು ಕಟ್ಟಿದ ಸೆಟ್ಟು ಅದು. ಹೆತ್ತವರಿಗೆ ಹೆಗ್ಗಣ ಮುದ್ದು. ಅವನಿಗೆ ಆ ಚೀಂವ್ ಐಬೆಂದು ಅನ್ನಿಸಲೇ ಇಲ್ಲ.

ಅನ್ನಿಸಿದ್ದು ಶಿವಮೊಗ್ಗದ ರವೀಂದ್ರನಗರದಲ್ಲಿದ್ದ ಗೆಳೆಯ ಹಾಲಸ್ವಾಮಿಗೆ. ಅವನೂ ಓಂಕಾರಪ್ಪನಂತೆ ಹವ್ಯಾಸಕ್ಕೆ ರೇಡಿಯೋ ನಡೆಸುವ ಹ್ಯಾಮ್, ತನ್ನ ರಿಸೀವರನ್ನು ತಾನೇ ಕಟ್ಟಿಕೊಂಡವನು. ದಿನಾ ಬೆಳಿಗ್ಗೆ ಕಾಫಿ ಹೊತ್ತಿಗೆ ಇಬ್ಬರೂ ರೇಡಿಯೋದಲ್ಲಿ ಕೂಡುತ್ತಿದ್ದರು. ಅಡಿಕೆ ರೇಟು, ಮೊಣಕಾಲು ನೋವು, ಮಕ್ಕಳ ಮದುವೆ ಎಲ್ಲವೂ ಚುಕ್ಕೆ ಗೆರೆಗಳಲ್ಲೇ ನಡೆಯುತ್ತಿತ್ತು. ಎದುರು ಸಿಕ್ಕಾಗ ಮಾತ್ರ ಹಾಲಸ್ವಾಮಿ ಬಿಡುತ್ತಿರಲಿಲ್ಲ.

“ಅದೇನ್ ಸೆಟ್ಟೋ ಗುಬ್ಬಿ ಗೂಡೋ ಮಾರಾಯ? ನಾನ್ ಸಾಯೋದ್ರೊಳಗೆ ಒಂದ್ಸಲ ಸರಿಯಾದ ಸ್ವರ ಕೇಳಿಸ್ತೀಯಾ?”

ತೊಂಬತ್ತೆಂಟರ ಬೇಸಿಗೆಯಲ್ಲಿ ಹಾಲಸ್ವಾಮಿಗೆ ಪಾರ್ಶ್ವವಾಯು ಹೊಡೆಯಿತು. ಬಲಗೈ ಹೋಯಿತು, ಮಾತು ಹೋಯಿತು. ಓಂಕಾರಪ್ಪ ನೋಡಲು ಹೋದರೆ, ಸೊಟ್ಟಗಾದ ಬಾಯಿಗೆ ಟವೆಲ್ ಮುಚ್ಚಿಕೊಂಡು ಗೋಡೆ ಕಡೆ ಹೊರಳಿದ. ಇನ್ನೊಮ್ಮೆ ಹೋದಾಗಲೂ ಹಾಗೇ. ಹೆಂಡತಿ ಮಹಾಂತಮ್ಮ ಗೇಟಿನ ತನಕ ಬಂದು, ಸದ್ಯಕ್ಕೆ ಬರಬೇಡಿ, ರೇಡಿಯೋ ಮಾತ್ರ ಬಿಡಬೇಡಿ, ಬೆಳಿಗ್ಗೆ ರಿಸೀವರ್ ನಾನೇ ಹಾಕಿಕೊಡುತ್ತೇನೆ ಎಂದು ಕೈ ಮುಗಿದಳು.

ಅಂದಿನಿಂದ ಓಂಕಾರಪ್ಪ ಒಬ್ಬನೇ ಕೀ ಬಡಿದ. ಉತ್ತರ ಬರುವುದಿಲ್ಲವೆಂದು ಗೊತ್ತಿದ್ದೇ ಬಡಿದ. ಅತ್ತ ಅವನು ಕೇಳುತ್ತಿದ್ದಾನೆ ಎನ್ನುವುದೊಂದೇ ಆಸರೆ. ಮಲಗಿದವನಿಗೆ ಏನು ಕೊಡಲಿ ಎಂದು ಯೋಚಿಸುವಾಗ ಗುಬ್ಬಿ ಗೂಡಿನ ಮಾತು ನೆನಪಾಯಿತು. ಒಂದು ಭಾನುವಾರ ಪೂರ್ತಿ ಕೂತು, ವೋಲ್ಟೇಜ್ ಕುಸಿಯದಂತೆ ಹಿಡಿದಿಡುವ ವಾಲ್ವೊಂದನ್ನು ಬೆಸುಗೆ ಹಾಕಿ ಸೇರಿಸಿದ. ಸ್ವರ ತಂಬೂರಿ ತಂತಿಯಂತೆ ನಿಂತಿತು. ಮಾರನೇ ಬೆಳಿಗ್ಗೆ ‘ಕೇಳು, ಸರಿ ಮಾಡಿದೆ’ ಎಂದು ಕಳಿಸಿ ತಾನೇ ನಕ್ಕ.

ಕೆಲವು ದಿನಗಳ ಮೇಲೆ ಮಹಾಂತಮ್ಮನ ಫೋನು ಬಂತು.

“ಯಾಕೆ ಬಿಟ್ಬಿಟ್ರಿ ಓಂಕಾರಣ್ಣ? ದಿನಾ ಕಾಯ್ತಾರೆ. ಊಟಾನೂ ಸರಿಯಾಗಿ ಮಾಡ್ತಿಲ್ಲ.”

ಒಂದು ದಿನವೂ ತಪ್ಪಿಸಿಲ್ಲವಲ್ಲ ತಂಗಿ ಎಂದ ಓಂಕಾರಪ್ಪ.

“ಯಾರದ್ದೋ ಪೀ ಪೀ ಅಂತ ಬರುತ್ತೆ, ನಿಮ್ ಗುಬ್ಬಿ ಬರ್ತಿಲ್ಲ. ಅವ್ರಿಗೆ ಈಗ ಅಕ್ಷರ ತಿಳಿಯಲ್ಲ ಅಣ್ಣ. ಪೇಪರ್ ಕೊಟ್ರೆ ಸುಮ್ನೆ ನೋಡ್ತಾರೆ, ನಾನ್ ಮಾತಾಡಿದ್ರೆ ಅರ್ಧ ತಿಳಿಯಲ್ಲ. ಆ ಚೀಂವ್ ಒಂದು ಕೇಳಿದ್ರೆ ಮುಖ ಅರಳ್ತಿತ್ತು.”

ಇಷ್ಟು ದಿನ ತಾನು ಕಳಿಸಿದ ಸುದ್ದಿ, ತಮಾಷೆ ಯಾವುದೂ ಅವನಿಗೆ ಮುಟ್ಟಿರಲಿಲ್ಲ. ಮುಟ್ಟಿದ್ದು ಐಬು ಮಾತ್ರ. ಅದನ್ನೇ ತನ್ನ ಕೈಯಾರೆ ತೆಗೆದುಹಾಕಿದ್ದ. ಓಂಕಾರಪ್ಪ ಫೋನಿಟ್ಟವನೇ ಬೆಸುಗೆ ಬಿಡಿಸಲು ಕೂತ. ಸರಿಯಿದ್ದದ್ದನ್ನು ಬೇಕೆಂದೇ ಕೆಡಿಸುವುದೂ ಸುಲಭವಲ್ಲ. ಚೀಂವ್ ಮೊದಲಿನಂತಾಗುವಷ್ಟರಲ್ಲಿ ಸಂಜೆಯಾಯಿತು.

ಮಾರನೇ ಬೆಳಿಗ್ಗೆ ಬೆರಳು ಸೋಲುವ ತನಕ ಕೀ ಬಡಿದು ಫೋನ್ ಮಾಡಿದ.

“ಬಂತಣ್ಣ,” ಎಂದಳು ಮಹಾಂತಮ್ಮ. “ಗುರುತು ಹಿಡಿದ್ರು. ಸ್ವಲ್ಪ ಹೊತ್ತು ಕೇಳಿ, ಆಮೇಲೆ ಎಡಗೈ ಚಾಚಿ ತಾವೇ ಆಫ್ ಮಾಡಿದ್ರು.”

“ಕೋಪಾನಾ?”

“ಗೊತ್ತಾಗ್ಲಿಲ್ಲ. ಗೋಡೆ ಕಡೆ ತಿರುಗಿದ್ರು.”

ಆಮೇಲೆ ರಿಸೀವರ್ ಹಾಕಲು ಹಾಲಸ್ವಾಮಿ ಬಿಡಲಿಲ್ಲ. ಆ ವಾರದಲ್ಲೇ ತೀರಿಕೊಂಡ. ಮಣ್ಣು ಮುಗಿಸಿ ಬಂದು ಜಗಲಿಯಲ್ಲಿ ಕೂತ ಓಂಕಾರಪ್ಪನ ಮುಂದೆ ಮಹಾಂತಮ್ಮ ನೀರಿನ ಚೊಂಬು ಇಟ್ಟಳು.

“ಅವ್ರು ಆಫ್ ಮಾಡಿದ್ದನ್ನ ಮನಸ್ಸಿಗೆ ಹಚ್ಕೋಬೇಡಿ ಅಣ್ಣ. ಹೊಟ್ಟೆ ತುಂಬಿದೋರು ಎಲೆ ಮಡಿಸಲ್ವಾ? ಹಂಗೆ ಅನ್ಕೊಳ್ಳಿ.”

ಮುನಿಸಿಕೊಂಡವರೂ ಎಲೆ ಮಡಿಸುತ್ತಾರೆ. ಆ ಮಾತನ್ನು ಓಂಕಾರಪ್ಪ ಅವಳಿಗೆ ಹೇಳಲಿಲ್ಲ. ಹೌದು ತಂಗಿ ಎಂದು ನೀರು ಕುಡಿದ.