ಕೋಡಿ ಹಳ್ಳದ ನಲವತ್ತಡಿ ರಸ್ತೆ

ಕೆರೆ ತುಂಬಿ ಕೋಡಿ ಬಿದ್ದರೆ ಊರಿಗೆಲ್ಲ ಹಬ್ಬ. ಹೆಂಗಸರು ಬಾಗಿನ ಹಿಡಿದು ಏರಿಯ ಮೇಲೆ ಹೋಗುತ್ತಾರೆ, ತಮಟೆ ಬಡಿಯುತ್ತದೆ, ಪುಢಾರಿಗಳು ನೀರಿಗೆ ಹೂ ಎಸೆಯುತ್ತ ಫೋಟೊ ತೆಗೆಸಿಕೊಳ್ಳುತ್ತಾರೆ. ನಮ್ಮ ಚಾಮರಾಜನಗರದ ಅಂಚಿನ ಹಿರೀಕೆರೆ ಇಪ್ಪತ್ತೊಂಬತ್ತು ವರ್ಷದ ಮೇಲೆ ತುಂಬಿದ ಆ ಭಾನುವಾರ ಹೆದರಿ ಸತ್ತವರು ಇಬ್ಬರೇ. ಒಬ್ಬ ನೀರುಗಂಟಿ ಮಂಟೇಸ್ವಾಮಿ, ಕೆರೆಯ ತೂಬು ನೋಡಿಕೊಂಡೇ ಮುದುಕನಾದವನು. ಇನ್ನೊಬ್ಬ ನಾನು.

ನಾನು ಆಗ ಗುಂಡ್ಲುಪೇಟೆಯಲ್ಲಿ ಅಕ್ಕನ ಮೊಮ್ಮಗಳ ನಾಮಕರಣದ ಊಟಕ್ಕೆ ಕೂತಿದ್ದೆ. ಎಲೆಗೆ ಪಾಯಸ ಬಿತ್ತು, ಜೇಬಿನಲ್ಲಿ ಫೋನು ಬಡಿದುಕೊಂಡಿತು.

"ಬುದ್ದಿ, ಎಲ್ಲಿದ್ದೀರಿ? ಕೋಡಿಗೆ ಇನ್ನೊಂದು ಗೇಣು ಅದೆ ಅಷ್ಟೆಯ. ಮ್ಯಾಲಿನ ಕಟ್ಟೆ ಒಡ್ದೋಯ್ತಂತೆ, ಆ ನೀರೂ ಇಲ್ಗೇ ಬತ್ತದೆ. ಸಂಜೆಗಂಟ ತಡಿಯಾಕಿಲ್ಲ," ಅಂದ ಮಂಟೇಸ್ವಾಮಿ. ಆಮೇಲೆ ದನಿ ತಗ್ಗಿಸಿ, "ಎಲ್ಗೆ ಓಯ್ತದೆ ಅಂತ ನಿಮ್ಗೂ ಗೊತ್ತು, ನಂಗೂ ಗೊತ್ತು. ನಾ ಯೋಳುದ್ರೆ ಯಾರೂ ಕೇಳಾಕಿಲ್ಲ," ಅಂದ.

ಗೊತ್ತಿತ್ತು. ಪಾಯಸ ಎಲೆಯಲ್ಲೇ ಬಿಟ್ಟು ಎದ್ದೆ. ಅಕ್ಕ ಕರೆಯುತ್ತಿದ್ದರೂ ಕೈ ತೊಳೆಯದೆ ಬಸ್ ಸ್ಟ್ಯಾಂಡಿಗೆ ಓಡಿದೆ.

ಮಹಜರಿಗೆ ಸೈನ್ ಹಾಕುವುದು ನಮ್ಮ ಮನೆತನದ ರೂಢಿ. ಯಾವ ಆಫೀಸಿನವರು ಜಾಗ ನೋಡಲು ಬಂದರೂ ಊರಿನ ಐದು ಜನ ಪಂಚರು ಬೇಕು, ಐವರಲ್ಲಿ ನಮ್ಮವರೊಬ್ಬರು ಇರಲೇಬೇಕು. ತಾತ ಹೆಬ್ಬೆಟ್ಟು ಒತ್ತಿದ, ಅಪ್ಪ ಮರಿಮಲ್ಲಪ್ಪ ಇಂಗ್ಲಿಷಿನಲ್ಲಿ ಸೈನ್ ಮಾಡಿ ಮೀಸೆ ತಿರುವಿದ, ನಾನು ಅವರು ಬೆರಳಿಟ್ಟ ಕಡೆ ಗೀಚಿದೆ. ಓದಿದ್ದೇನಾ? ದೇವರಾಣೆಗೂ ಇಲ್ಲ. ಓದಿದರೆ ಅಪನಂಬಿಕೆ ಇದ್ದ ಹಾಗೆ, ಮರ್ಯಾದಸ್ಥರು ಓದುವುದಿಲ್ಲ ಎಂದು ನಮ್ಮಪ್ಪ ಹೇಳುತ್ತಿದ್ದ.

ಹನ್ನೊಂದು ವರ್ಷದ ಹಿಂದೆ ಪಟ್ಟಣಕ್ಕೆ ಹೊಸ ಮಾಸ್ಟರ್ ಪ್ಲಾನ್ ಮಾಡುವವರು ಬಂದರು. ಹಳೇ ನಕ್ಷೆಯಲ್ಲಿ ಕೆರೆಯಿಂದ ಇಳಿದ ಜೋಡಿ ಗೆರೆ ತೋರಿಸಿ ಸರ್ವೇಯರು, "ಇದೇನ್ರೀ?" ಎಂದು ಕೇಳಿದ. ಕೋಡಿ ಬಿದ್ದು ಹದಿನೆಂಟು ವರ್ಷವಾಗಿತ್ತು. ಹಳ್ಳದ ಮರಳಿನಲ್ಲಿ ಗಾಡಿ, ಟ್ರ್ಯಾಕ್ಟರು ಓಡಾಡಿ ಜಾಡು ಬಿದ್ದಿತ್ತು. ಐವರೂ ಒಂದೇ ಬಾಯಲ್ಲಿ "ಬಂಡಿದಾರಿ ಸಾರ್" ಅಂದೆವು. ದೂರದಲ್ಲಿ ನಿಂತಿದ್ದ ಮಂಟೇಸ್ವಾಮಿ, "ಅದು ಕೋಡಿ ಅಳ್ಳ ಬುದ್ದಿ," ಅಂದ. "ನೀರೇ ಇಲ್ದಿದ್ ಮ್ಯಾಲೆ ಅದ್ಯಾವ ಸೀಮೆ ಹಳ್ಳನಪ್ಪ!" ಎಂದು ನಾನು ಅವನ ಬಾಯಿ ಮುಚ್ಚಿಸಿದೆ. ಎಲ್ಲರೂ ನಕ್ಕರು, ಐವರೂ ಮಹಜರಿಗೆ ಸೈನ್ ಹಾಕಿದೆವು. ರಸ್ತೆ ಅಂತಾದರೆ ಪಕ್ಕದ ನನ್ನ ಹೊಲ ಸೈಟಾಗುತ್ತದೆ ಎಂಬುದು ಆಗ ತಲೆಯಲ್ಲಿ ಇರಲಿಲ್ಲ ಅಂದರೆ ನನ್ನ ನಾಲಿಗೆಗೆ ಹುಳ ಬೀಳಲಿ.

ಊರು ತಾನಾಗಿ ಬೆಳೆಯುತ್ತದೆ ಅನ್ನುವವರ ಕಿವಿ ಹಿಂಡಬೇಕು. ಊರು ಗೆರೆ ಹಿಡಿದು ಬೆಳೆಯುತ್ತದೆ. ಪ್ಲಾನಿನಲ್ಲಿ ಹಳ್ಳ ನಲವತ್ತಡಿ ರಸ್ತೆಯಾಯಿತು. ರಸ್ತೆ ಇದೆ ಎಂದು ಲೈಟು ಕಂಬ ಬಂತು, ಕಂಬ ಇದೆ ಎಂದು ಪೈಪು ಬಂತು, ಪೈಪು ನೋಡಿ ಜನ ಬಂದರು. ರಸ್ತೆಯ ಎರಡೂ ಪಕ್ಕ, ಹಳ್ಳದ ಪಾತ್ರದಲ್ಲೇ ಇಪ್ಪತ್ಮೂರು ಮನೆ ಎದ್ದವು. ಕಟ್ಟಕಡೆಯ ತಗ್ಗಿನಲ್ಲಿ ಸಾದಿಕ್‌ನದು.

ಸಾದಿಕ್ ಗುಂಡ್ಲುಪೇಟೆಯವನು, ಕಬ್ಬಿಣದ ಗೇಟು ಮಾಡುವವನು. ಅಲ್ಲಿ ರಸ್ತೆ ಅಗಲ ಮಾಡಿದಾಗ ಅವನಪ್ಪನ ಅಂಗಡಿಯ ಮುಕ್ಕಾಲು ಭಾಗ ಹೋಯಿತು. ಅದಕ್ಕೇ ಇಲ್ಲಿ ಸೈಟು ಕೊಳ್ಳುವಾಗ, "ಪ್ಲಾನ್‌ನಲ್ಲಿರೋ ಜಾಗ ಮಾತ್ರ ಬೇಕು ಅಣ್ಣ," ಎಂದು ಹಟ ಹಿಡಿದಿದ್ದ. ಪ್ಲಾನ್‌ನಲ್ಲೇ ಇರೋದು ಕಣಪ್ಪ ಎಂದು ಕೊಟ್ಟವನು ನಾನೇ.

ತೆರಕಣಾಂಬಿ ದಾಟುವಾಗ ಮಳೆ ಬಸ್ಸಿನ ಗಾಜಿಗೆ ಬಡಿಯುತ್ತಿತ್ತು. ಸಾದಿಕ್ ಫೋನು ಎತ್ತಲಿಲ್ಲ. ಸ್ಟೇಟಸ್ ತೆಗೆದರೆ ನಮ್ಮೂರ ಹುಡುಗರು ಏರಿಯ ಮೇಲೆ ಕುಣಿಯುತ್ತಿದ್ದಾರೆ, ಕೆಳಗೆ "ಗಂಗಮ್ಮ ಬಂದಳು" ಎಂಬ ಬರಹ. ಸಾದಿಕ್‌ಗೆ ಮತ್ತೆ ಮತ್ತೆ ಒತ್ತಿದೆ. ಡ್ರೈವರು ಎಮ್ಮೆ ಮೇಲೆ ಕೂತವನಂತೆ ಓಡಿಸುತ್ತಿದ್ದ.

ನಾಲ್ಕೂವರೆಗೆ ಸಾದಿಕ್‌ನ ಮನೆ ಮುಟ್ಟಿದೆ. ಅವನು ಮಗುವನ್ನು ಎದೆ ಮೇಲೆ ಹಾಕಿಕೊಂಡು ಟಿವಿ ನೋಡುತ್ತಿದ್ದ. ಹೆಂಡತಿ ಜೋಯಾ ಬಟ್ಟೆ ಮಡಿಸುತ್ತಿದ್ದಳು. ತಾಯಿ ರಹಮತ್ ಬಿ ಸೊಂಟ ಮುರಿದು ಎರಡು ತಿಂಗಳಿಂದ ಮಂಚದ ಮೇಲೇ ಇದ್ದರು.

"ಎದ್ದೇಳಪ್ಪ, ಎಲ್ರೂ ಮೇಲಕ್ಕೆ ಹೋಗನ. ನೀರು ಬತ್ತದೆ," ಅಂದೆ.

ಸಾದಿಕ್ ನಕ್ಕ. "ಕೋಡಿ ನೀರಾ? ಅದು ಅದರ ದಾರಿಲಿ ಹೋಗತ್ತೆ ಬಿಡಿ ಅಣ್ಣ. ನಮ್ದು ರೋಡು."

"ಮಾತಾಡಬೇಡ, ಅಮ್ಮನ್ನ ಎತ್ಕೊ."

"ಈ ಮಳೇಲಿ ಅಮ್ಮನ್ನ ಅಲ್ಲಾಡಿಸಿದ್ರೆ ಮತ್ತೆ ಆಸ್ಪತ್ರೆ ಅಣ್ಣ. ಯಾಕಿಷ್ಟು ಹೆದರ್ತೀರಿ?"

ಅವನು ಬೀರು ತೆಗೆದು ಪ್ಲಾನಿನ ಜೆರಾಕ್ಸು ತಂದು ನನ್ನ ಮುಂದೆ ಬಿಡಿಸಿದ. ಹಳ್ಳ ಎಲ್ಲಿದೆ ತೋರಿಸಿ ಅಂದ. ತೋರಿಸುವುದೇನು, ನಾವಿಬ್ಬರೂ ಅದರಲ್ಲೇ ನಿಂತಿದ್ದೆವು. ನನಗೆ ನೀರಿನ ಭಯ ಒಂದು ಕಡೆ, ಬಾಯಿ ಬಿಡುವ ಭಯ ಇನ್ನೊಂದು ಕಡೆ. ಅಂಥ ಹೊತ್ತಿನಲ್ಲೂ ಮಾನ ಲೆಕ್ಕ ಹಾಕುತ್ತಿದ್ದೆ, ನನ್ನ ಜನ್ಮಕ್ಕಿಷ್ಟು! ಮಂಚದ ಮೇಲಿಂದ ರಹಮತ್ ಬಿ ನನ್ನನ್ನೇ ನೋಡುತ್ತಿದ್ದರು.

"ಇದು ರೋಡಲ್ಲ ಸಾದಿಕ್. ಇದೇ ಹಳ್ಳ. ಹಳ್ಳಾನ ದಾರಿ ಅಂತ ಬರ್ಸಿದ್ದು ನಾವು. ಸೈನ್ ಹಾಕ್ಬುಟ್ಟೆ ಕಣಪ್ಪ ನಾನು."

ಅವನು ಮಗುವನ್ನು ಜೋಯಾಳ ಕೈಗೆ ಕೊಟ್ಟ, ತಾಯಿಯನ್ನು ಕಂಬಳಿಯಲ್ಲಿ ಸುತ್ತಿ ಎತ್ತಿಕೊಂಡ. ಮುದುಕಿ ನೋವಿಗೆ ಕಿರುಚಿದರು. ಬಾಗಿಲಲ್ಲಿ ತಿರುಗಿ, "ಪ್ರತಿ ಮನೆಗೂ ನೀವೇ ಹೇಳ್ಬೇಕು. ನಾನು ಹೇಳಿದ್ರೆ ಯಾರೂ ನಂಬಲ್ಲ. ನಿಮ್ಮ ಹೆಸರು ಹೇಳಿ, ಸೈನ್ ಹಾಕಿದ್ದು ಹೇಳಿ," ಅಂದ.

ಹೇಳಿದೆ. ಮೊದಮೊದಲು ತೊದಲಿದೆ, ಆಮೇಲೆ ಕೂಗಿದೆ. "ನಾನು ಮೃತ್ಯುಂಜಯ, ಮರಿಮಲ್ಲಪ್ಪನ ಮಗ, ಸುಳ್ಳು ಮಹಜರಿಗೆ ಸೈನ್ ಹಾಕಿದೀನಿ, ಇದು ಹಳ್ಳ, ಹೊರಗೆ ಬನ್ನಿ!" ಏರಿಗೆ ಹೊರಟಿದ್ದ ಸುಂದ್ರಮ್ಮ ಬಾಗಿನದ ಮೊರವನ್ನು ನನ್ನ ಮೇಲೇ ಎಸೆದು ಮೊಮ್ಮಕ್ಕಳನ್ನು ಎಳೆದುಕೊಂಡು ಓಡಿದರು. ಮೇಲಿನ ಮನೆಯ ಕರಿಬಸವಯ್ಯ ಮಹಜರಿನ ದಿನ ನನ್ನ ಜೊತೆಗಿದ್ದ ಪಂಚರಲ್ಲಿ ಒಬ್ಬ. ತಾನು ಸೈನ್ ಹಾಕಿದ ಹಳ್ಳದಲ್ಲೇ ತಾನೂ ಮನೆ ಕಟ್ಟಿಸಿದ್ದ.

"ಬಂಡಿದಾರಿ ಕಣ್ಲಾ ಇದು! ಹುಚ್ಚು ಹಿಡಿದದಾ ನಿಂಗೆ?" ಎಂದು ಗದರಿದ.

ಅಷ್ಟರಲ್ಲಿ ಟಾರಿನ ಮೇಲೆ ಒಣಗಿದ ಎಲೆ, ಒಂದು ಚಪ್ಪಲಿ, ಯಾರದೋ ಬಾಗಿನದ ಬಳೆ ತೇಲಿ ಬಂದವು. ಸದ್ದೇ ಇರಲಿಲ್ಲ. ಕರಿಬಸವಯ್ಯ ತನ್ನ ಪಾದ ನೋಡಿಕೊಂಡ. ಆಮೇಲೆ ಅವನು ಓಡಿದ ಹಾಗೆ ಯಾರೂ ಓಡಿದ್ದನ್ನು ನಾನು ಕಂಡವನಲ್ಲ, ಅರವತ್ತೆಂಟು ವರ್ಷದ ಆಸಾಮಿ.

ಕಾಲು ಗಂಟೆಯೊಳಗೆ ನೀರು ಕಾಂಪೌಂಡಿನಿಂದ ಕಾಂಪೌಂಡಿಗೆ ತುಂಬಿತು. ಸಾದಿಕ್‌ನ ಮನೆಯ ಕಿಟಕಿ ಮುಳುಗಿತು, ಅವನೇ ಮಾಡಿದ ಗೇಟು ಕಿತ್ತು ಹೋಯಿತು. ಏರಿಯ ಕಡೆಯಿಂದ ತಮಟೆ ಇನ್ನೂ ಕೇಳುತ್ತಿತ್ತು.

ನಾವೆಲ್ಲ ಮೇಲಿನ ಹೊಸ ಶಾಲೆಯ ಜಗಲಿಯಲ್ಲಿ ನಿಂತಿದ್ದೆವು. ಏರಿಯಿಂದ ಓಡಿ ಬಂದಿದ್ದ ಮಂಟೇಸ್ವಾಮಿ ಒಬ್ಬೊಬ್ಬರನ್ನೇ ಎಣಿಸಿದ. ಇಪ್ಪತ್ಮೂರು ಮನೆಯವರೂ ಇದ್ದರು, ಜೀವ ಯಾರದೂ ಹೋಗಿರಲಿಲ್ಲ. ನನಗೆ ಅಳು ಬಂತು, ಎಲ್ಲರ ಮುಂದೆ ಅತ್ತೆ. ಇನ್ನು ಹೊಡೆದರೂ ಹೊಡೆಸಿಕೊಳ್ಳೋಣ, ಭಯ ಕಳೆಯಿತಲ್ಲ ಅಂದುಕೊಂಡೆ.

ಸಾದಿಕ್ ತಾಯಿಯನ್ನು ಬೆಂಚಿನ ಮೇಲೆ ಮಲಗಿಸಿ ನನ್ನ ಹತ್ತಿರ ಬಂದ. ಹೊಡೆಯಲಿಲ್ಲ. "ಅಣ್ಣ, ನೀವು ಸೈನ್ ಹಾಕಿದ್ದು ಇದೊಂದೇನಾ?" ಎಂದು ಮೆಲ್ಲಗೆ ಕೇಳಿದ.

ನಾನು ಊರಿನ ಕಡೆ ತಿರುಗಿದೆ. ಜಗಲಿಯಿಂದ ಊರು ಕಾಣುತ್ತಿತ್ತು. ಹೊಸ ಬಡಾವಣೆಗಳು, ಕಲ್ಯಾಣ ಮಂಟಪ, ಸಂತೆಮರಹಳ್ಳಿ ರಸ್ತೆಯ ಉದ್ದಕ್ಕೂ ದೀಪ ಹತ್ತುತ್ತಿದ್ದ ಮನೆಗಳು. ನೂರು ಸಲ ಹಾಕಿದ್ದೆನೋ, ಇನ್ನೂರು ಸಲವೋ. ಒಂದರಲ್ಲೂ ಏನು ಬರೆದಿತ್ತೆಂದು ನನಗೆ ಗೊತ್ತಿರಲಿಲ್ಲ.

"ಈ ಸ್ಕೂಲಿನ ಜಾಗಕ್ಕೂ ಹಾಕಿದ್ರಾ?" ಅಂದಳು ಜೋಯಾ.

"ಗೊತ್ತಿಲ್ಲ ಕಣಮ್ಮ," ಅಂದೆ.

ಅವಳು ನೆಲದ ಮೇಲೆ ಮಲಗಿಸಿದ್ದ ಮಗುವನ್ನು ಎತ್ತಿಕೊಂಡಳು.