ಹಳೆಯ ಆನೆ ಎರಡು

ನಾಲ್ಕು ಡಾಲರಿನ ನಾಣ್ಯ, ಅದನ್ನು ಕಳಿಸಲು ಮೂವತ್ತೆಂಟು ಡಾಲರ್. ಮೈಸೂರಿನ ನಾಣ್ಯದ ವ್ಯಾಪಾರಿ ಗುರುಲಿಂಗಪ್ಪನವರ ಇ-ಮೇಲ್ ಓದಿ ನನಗೆ ಮೈಯೆಲ್ಲ ಉರಿಯಿತು. ಮೂಗಿಗಿಂತ ಮೂಗುತಿ ಭಾರ ಎಂದರೆ ಇದೇ. ವಿಮೆ, ರಸೀದಿ, ಐದೇ ದಿನದಲ್ಲಿ ಮನೆಬಾಗಿಲಿಗೆ ಎಂದೆಲ್ಲ ಬಹಳ ವಿನಯದಿಂದ ಬರೆದಿದ್ದರು. ವಿನಯಕ್ಕೂ ಸೇರಿಸಿಯೇ ಬೆಲೆ ಹಾಕಿದ್ದಾರೆ ಎಂದುಕೊಂಡೆ.

ಆದರೆ ಆ ನಾಣ್ಯ ನನಗೆ ಬೇಕೇ ಬೇಕಿತ್ತು. 2004ರ ಏಪ್ರಿಲ್‌ನಲ್ಲಿ ನನ್ನ ಗಂಡ ಶೇಷಾದ್ರಿಗೆ ಬೈಪಾಸ್ ಆಯಿತು. ಆಗಸ್ಟ್ ಬಂದರೂ ಮನುಷ್ಯ ಸೋಫಾ ಬಿಡಲಿಲ್ಲ. ಆಬರ್ನ್ ಹಿಲ್ಸ್‌ನ ಕಾರು ಕಂಪನಿಯಲ್ಲಿ ಇಂಜಿನಿಯರಾಗಿ ಇಪ್ಪತ್ತೆರಡು ವರ್ಷ ಬ್ರೇಕುಗಳ ಜೊತೆ ಗುದ್ದಾಡಿದವರು, ಈಗ ರಾಚೆಸ್ಟರ್ ಹಿಲ್ಸ್‌ನ ನಮ್ಮ ಮನೆಯ ಮೇಲ್‌ಬಾಕ್ಸ್‌ವರೆಗೂ ಹೋಗುತ್ತಿರಲಿಲ್ಲ. ಹೃದಯ ಚೆನ್ನಾಗಿದೆ, ಡ್ರೈವ್ ಕೂಡ ಮಾಡಬಹುದು ಎಂದು ಡಾಕ್ಟರು ಹೇಳಿದ್ದರು. ಕೇಳಿದರೆ, "ಯಾಕೋ ಬೇಡ ಅನ್ಸತ್ತೆ ಕಣೇ" ಎನ್ನುವುದೊಂದೇ ಉತ್ತರ. ಆಪರೇಷನ್ ದಿನಕ್ಕಿಂತ ಆ ಮಾತು ಕೇಳಿದಾಗ ನನಗೆ ಹೆಚ್ಚು ಭಯವಾಗುತ್ತಿತ್ತು.

ಅವರಿಗಿದ್ದ ಒಂದೇ ಹುಚ್ಚು ಹಳೆಯ ಎರಡಾಣೆ ಬಿಲ್ಲೆಗಳದು, ಆ ಚೌಕಾಕಾರದವು. ವರ್ಷಕ್ಕೊಂದರಂತೆ ಆಲ್ಬಮ್‌ನಲ್ಲಿ ಜೋಡಿಸಿದ್ದರು. ತಾವು ಹುಟ್ಟಿದ 1942ರದು ಮಾತ್ರ ಸವೆಯದೆ ಇರುವಂಥದ್ದು ಸಿಕ್ಕಿರಲಿಲ್ಲ. ಅದು ಬಂದರೆ ಆಲ್ಬಮ್ ತೆರೆಯುವುದಕ್ಕಾದರೂ ಎದ್ದಾರು ಎಂಬ ಆಸೆ ನನ್ನದು.

ಮೈಸೂರಿನಲ್ಲಿರುವ ನಮ್ಮಣ್ಣ ವೆಂಕಟರಾಮುವನ್ನು ಹಿಡಿದೆ. ಅವನು ಗುರುಲಿಂಗಪ್ಪನವರಿಂದ ಪೊಟ್ಟಣ ಇಸಿದುಕೊಂಡು, ಒಂಬತ್ತು ಡಾಲರಿಗೆ ಕಳಿಸುವ ಒಂದು ಸಣ್ಣ ಪಾರ್ಸೆಲ್ ಅಂಗಡಿ ಹುಡುಕಿದ. ಫಾರಂನಲ್ಲಿ ನಾಣ್ಯ ಎಂದು ಬರೆಸಿದರೆ ಚಿನ್ನದ್ದೆಂದುಕೊಂಡು ದಾರಿಯಲ್ಲಿ ಯಾರಾದರೂ ಎತ್ತಿಬಿಟ್ಟಾರು ಎಂದು ನನಗೆ ಅತಿಬುದ್ಧಿ ಹೊಳೆಯಿತು. "ಎರಡು ಆಣೆ, ಹಳೆಯದು, ಅಂತಷ್ಟೇ ಬರೆಸು" ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ ಕುಟ್ಟಿ ಇ-ಮೇಲ್ ಕಳಿಸಿದೆ. ಅಣ್ಣ ಅದರ ಪ್ರಿಂಟನ್ನೇ ಅಂಗಡಿಯ ಹುಡುಗಿಯ ಕೈಗಿತ್ತು, ಪೊಟ್ಟಣ ಒಪ್ಪಿಸಿ ಬಂದ.

ಮೂರು ವಾರ ಸುದ್ದಿಯಿಲ್ಲ. ನಾಲ್ಕನೆಯ ವಾರ ಷಿಕಾಗೋ ಕಸ್ಟಮ್ಸ್‌ನಿಂದ ಕಾಗದ ಬಂತು. ನನ್ನ ಹೆಸರಿನ ಎರಡು ಔನ್ಸಿನ ಪೊಟ್ಟಣದ ಮೇಲೆ "ಆನೆ, ಎರಡು, ಹಳೆಯವು" ಎಂದು ಇಂಗ್ಲಿಷಿನಲ್ಲಿ ಬರೆದಿದೆಯಂತೆ. ಒಳಗಿರುವುದು ದಂತವೋ ಮತ್ತೇನೋ, ಹತ್ತು ದಿನದೊಳಗೆ ಖುದ್ದಾಗಿ ಬಂದು ವಿವರಿಸದಿದ್ದರೆ ವಾಪಸ್ ಕಳಿಸುತ್ತಾರಂತೆ.

ತಲೆ ಚಚ್ಚಿಕೊಂಡೆ. ಇಂಗ್ಲಿಷ್ ಅಕ್ಷರದಲ್ಲಿ ಆಣೆಯೂ ಒಂದೇ, ಆನೆಯೂ ಒಂದೇ. ಆಣೆಯ ಮುಖವನ್ನೇ ನೋಡದ ಆ ಹುಡುಗಿ ಪಾಪ, ತನಗೆ ಗೊತ್ತಿದ್ದ ಪ್ರಾಣಿಯನ್ನು ಬರೆದಿದ್ದಳು.

ಕಾಗದವನ್ನು ಶೇಷಾದ್ರಿಯ ಕೈಗೆ ಕೊಟ್ಟು ನಡೆದದ್ದೆಲ್ಲ ಒಪ್ಪಿಕೊಂಡೆ. ಅವರು ಎರಡು ಸಲ ಓದಿದರು. ಇದ್ದಕ್ಕಿದ್ದಂತೆ ಎದೆ ಒತ್ತಿ ಹಿಡಿದುಕೊಂಡು ಬಗ್ಗಿದರು. ನಾನು ಫೋನಿಗೆ ಕೈಹಾಕಿದೆ. ನೋಡಿದರೆ, ನಗುತ್ತಿದ್ದಾರೆ.

"ಇಪ್ಪತ್ತೊಂಬತ್ತು ಡಾಲರ್ ಉಳ್ಸೋಕೆ ಹೋಗಿ ಆನೆ ತರಿಸ್ಕೊಂಡ್ಯಲ್ಲೇ ಪದ್ದು. ಅದೂ ಎರಡೆರಡು."

"ನಾನೇ ಹೋಗಿ ಬಿಡಿಸ್ಕೊಂಡು ಬರ್ತೀನಿ ಬಿಡಿ" ಎಂದೆ.

"ನೀನೊಬ್ಳೇ ಹೋದ್ರೆ ಒಂಟೆ ಮಾಡ್ಕೊಂಡು ಬರ್ತೀಯ. ನಾನೂ ಬರ್ತೀನಿ."

ಮುನ್ನೂರು ಮೈಲಿಯ ದಾರಿ. ಮರುದಿನ ಬೆಳಿಗ್ಗೆ ಐದಕ್ಕೇ ಹೊರಟು ನಾನು ಓಡಿಸಿದೆ. ಪೆಟ್ರೋಲಿಗೆ ಆದ ಖರ್ಚನ್ನು ಮನಸ್ಸಿನಲ್ಲೇ ಕೂಡಿಸಿ, ಜೀವನದಲ್ಲಿ ಮೊದಲ ಸಲ ಬಾಯಿ ಮುಚ್ಚಿಕೊಂಡಿದ್ದೆ.

ಕಚೇರಿಯ ಕೌಂಟರಿನಲ್ಲಿ ಒಬ್ಬ ಹೆಂಗಸು ಗಂಭೀರವಾಗಿ ಪೊಟ್ಟಣ ಕತ್ತರಿಸಿದಳು. ಹಳದಿ ಬಣ್ಣದ ಪುಟ್ಟ ಬಿಲ್ಲೆ ಒಂದು ಟಣ್ಣನೆ ಬಿತ್ತು. ಇದರಲ್ಲಿ ಆನೆ ಎಲ್ಲಿದೆ ಎಂದು ಕೇಳಿದಳು. ಅಷ್ಟೇ ಸಾಕಾಯಿತು ಶೇಷಾದ್ರಿಗೆ. ಹನ್ನೆರಡು ಕಾಸಿಗೆ ಒಂದಾಣೆ, ಹದಿನಾರಾಣೆಗೆ ಒಂದು ರೂಪಾಯಿ, ಎರಡಾಣೆಗೆ ಮೈಸೂರಿನಲ್ಲಿ ಬೆಣ್ಣೆ ಹಾಕಿದ ದೋಸೆ, ಯಾವ ವರ್ಷ ಯಾವ ಲೋಹ, ಎಲ್ಲವನ್ನೂ ಕೈಯಾಡಿಸುತ್ತ ಹೇಳಿದರು. ಪಕ್ಕದ ಕುರ್ಚಿಯನ್ನು ನಾನು ಎರಡು ಸಲ ಎಳೆದುಕೊಟ್ಟರೂ ಕೂರಲಿಲ್ಲ. ಆಕೆ ಫಾರಂನಲ್ಲಿದ್ದ ಆನೆಯನ್ನು ಹೊಡೆದುಹಾಕಿ ನಾಣ್ಯ ಎಂದು ಬರೆದಳು. ಆಮೇಲೆ ಪೆನ್ನು ಕೆಳಗಿಟ್ಟು, ದೋಸೆ ಎಂದರೇನು ಎಂದು ಕೇಳಿದಳು. ಅದಕ್ಕೆ ಇನ್ನೂ ಹತ್ತು ನಿಮಿಷ ಹಿಡಿಯಿತು.

ವಾಪಸ್ ಬರುವಾಗ ಕಲಮಜೂ ಹತ್ತಿರದ ಎಕ್ಸಿಟ್‌ನಲ್ಲಿ ಕಾಫಿಗೆ ನಿಲ್ಲಿಸಿದೆ.

"ಸುಸ್ತಾಯ್ತೇನ್ರೀ? ಹೇಗಿದೀರಿ?"

ಅವರು ಕಾಫಿ ಲೋಟ ಕೆಳಗಿಟ್ಟು ಲೆಕ್ಕ ಹಾಕಿದರು. ಇಂಜಿನಿಯರ್ ಅಲ್ಲವೇ, ಅಳೆದೇ ಹೇಳಬೇಕು.

"ಹದಿನಾರಾಣೆ ಅಂತ ಹೇಳಲ್ಲ. ಹನ್ನೆರಡಾಣೆ ಇದೀನಿ. ಕೀ ಕೊಡು ಇಲ್ಲಿ."

ಕೊಟ್ಟೆ. ಸೀಟು ಹಿಂದಕ್ಕೆ ತಳ್ಳಿದರು, ಕನ್ನಡಿ ತಿರುಗಿಸಿದರು, ನಾನು ಬ್ರೇಕನ್ನು ಹಾಳುಮಾಡಿದ್ದೇನೆಂದು ಬೈದರು. ಕಾರು ಹೆದ್ದಾರಿ ಸೇರಿತು. ನಾನು ಕಿಟಕಿಯ ಕಡೆ ಮುಖ ಮಾಡಿ ಅತ್ತೆ, ಸಂತೋಷಕ್ಕೇ ಅತ್ತೆ. ಕಣ್ಣೊರೆಸಿಕೊಂಡು ಕೇಳಿದೆ.

"ಇನ್ನು ನಾಲ್ಕಾಣೆ ಎಲ್ಲಿ?"

"ದಾರೀಲಿದೆ" ಎಂದರು. "ನೀನು ಕಳ್ಸಿದ್ದಲ್ವಲ್ಲ, ಬಂದೇ ಬರತ್ತೆ."