ಡೆಲ್ಲಿಗೆ ಹೋಗಿ ಬಂದ ಮೋರಿ

ಕೊಡಿಗೇಹಳ್ಳಿಯಲ್ಲಿ ಎರಡು ಮನೆ ನಡುವಿನ ಮೋರಿ ಯಾರದು ಅಂತ ನಮ್ಮ ಮಾವ ಮುನಿಶಾಮಪ್ಪನವರಿಗೂ ಅವರ ತಮ್ಮನಿಗೂ ಹತ್ತೊಂಬತ್ತು ವರ್ಷದಿಂದ ಕೇಸು. ಮೋರಿ ಕಟ್ಟಿಕೊಂಡು ನಾರುತ್ತಿದ್ದರೂ ಕೇಸು ಮುಗಿಯೋವರೆಗೆ ಯಾರೂ ಮುಟ್ಟೋ ಹಾಗಿಲ್ಲ, ಸ್ಟೇ ಇದೆ. ಸಿವಿಲ್ ಕೋರ್ಟಲ್ಲಿ ಮಾವ ಗೆದ್ದರು, ಹೈಕೋರ್ಟಲ್ಲಿ ಚಿಕ್ಕಮಾವ ಗೆದ್ದರು. ಆಮೇಲೆ ಸುಪ್ರೀಂ ಕೋರ್ಟು. "ನಮ್ಮ ಮೋರಿ ಡೆಲ್ಲೀಲಿದೆ ಕಣಮ್ಮ" ಅಂತ ಮಾವ ಮೀಸೆ ತಿರುವಿದ್ದೇ ತಿರುವಿದ್ದು.

ನಿನ್ನೆ ಡೆಲ್ಲಿ ಜಡ್ಜು ಎರಡೇ ನಿಮಿಷದಲ್ಲಿ, ಅದೇ ಸಿವಿಲ್ ಕೋರ್ಟು ಮತ್ತೆ ಮೊದಲಿಂದ ವಿಚಾರಣೆ ಮಾಡಲಿ ಅಂದುಬಿಟ್ಟರು.

"ಗೆದ್ವಿ!" ಅಂತ ಮಾವ ಬೀದಿಗೆಲ್ಲ ಲಡ್ಡು ಹಂಚಿದರು. ಆಚೆ ಮನೆಯಲ್ಲಿ ಚಿಕ್ಕಮಾವನೂ ತಾನೇ ಗೆದ್ದೆ ಅಂತ ಲಡ್ಡು ಹಂಚಿದರು.

ಅದೆಂಥಾ ಗೆಲುವೋ! ಎರಡೂ ಮನೆಯವರು ಲಡ್ಡು ತಿಂದಿದ್ದು ಮೂಗು ಮುಚ್ಕೊಂಡೇ.